ಕಾಜ ಒಂದು ಬಾಕಿ

ನರ್ಸಿಂಗ್ ಕಾಲೇಜಿನ ಹುಡುಗಿಯರು ಅವಳಿಗೆ ಇಟ್ಟ ಹೆಸರು ಹಂತಮ್ಮ. ಎದುರಿಗೆ ಮೇಡಂ, ಬೆನ್ನ ಹಿಂದೆ ಹಂತಮ್ಮ. ಅವಳಿಗೆ ಅದು ಗೊತ್ತಿಲ್ಲದೆ ಏನಿಲ್ಲ. ಒಳಗೊಳಗೇ ಸ್ವಲ್ಪ ಖುಷಿಯೂ ಇತ್ತು ಅನ್ನಿ. ಪಕ್ಕದ ಕೋಣೆಯಲ್ಲಿ ಅಂಗರಚನೆ ಕಲಿಸುವವರಿಗೆ ಬಿದ್ದಿದ್ದ ಹೆಸರಿಗೆ ಹೋಲಿಸಿದರೆ ಇದು ಬಿರುದೇ ಸರಿ.

ಹೆಸರು ಬಂದದ್ದು ಹಲಗೆಯ ಮೇಲಿನ ಮೆಟ್ಟಿಲುಗಳಿಂದ. ಜನ ತಮ್ಮ ಆರೋಗ್ಯದ ವಿಷಯದಲ್ಲಿ ಹೇಗೆ ನಡೆದುಕೊಳ್ಳುತ್ತಾರೆ, ಯಾಕೆ ಬದಲಾಗುತ್ತಾರೆ, ಯಾಕೆ ಬದಲಾಗುವುದಿಲ್ಲ ಎಂಬ ಪಾಠ ಅವಳದು. ಪುಸ್ತಕದಲ್ಲಿ ಅದಕ್ಕೆ ದೊಡ್ಡ ದೊಡ್ಡ ಇಂಗ್ಲಿಷ್ ಪದಗಳಿದ್ದವು. ಹುಡುಗಿಯರು ಅವನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಕಕ್ಕಿ, ಮರುದಿನವೇ ಮರೆಯುತ್ತಿದ್ದರು. ಅದನ್ನು ನೋಡಿ ಬೇಸತ್ತು ಅವಳು ಪುಸ್ತಕದ ಪದ ಬಿಟ್ಟು ಜನರ ಬಾಯಿಂದ ಬರುವ ಮಾತನ್ನೇ ಮೆಟ್ಟಿಲಿಗೊಂದರಂತೆ ಬರೆದಳು. ಕೆಳಗಿನ ಮೆಟ್ಟಿಲಲ್ಲಿ 'ನಂಗೇನಾಗಿದೆ?' ಅನ್ನುವವರು. ಅದರ ಮೇಲೆ 'ನೋಡೋಣ' ಅನ್ನುವವರು. ಅದರ ಮೇಲೆ 'ಆಯ್ತು' ಅನ್ನುವವರು. ಆಮೇಲೆ 'ಶುರು ಮಾಡಿದೀನಿ', ತುದಿಯಲ್ಲಿ 'ಈಗ ರೂಢಿಯಾಗಿದೆ'. ಪಕ್ಕದಲ್ಲಿ ಕೆಳಕ್ಕೆ ಒಂದು ಬಾಣ, ಜಾರಿ ಬೀಳುವವರಿಗೆ.

"ಆಯ್ತು ಅಂದ್ರೆ ಅರ್ಧ ಗೆದ್ದ ಹಾಗೆ. ಮನಸ್ಸು ತಯಾರಾಗಿದೆ ಅಂತ ಅರ್ಥ. ಇನ್ನು ಕೈ ಹಿಡಿದು ಒಂದು ಮೆಟ್ಟಿಲು ಹತ್ತಿಸಿದ್ರೆ ಮುಗೀತು," ಎಂದು ಅವಳು ಪ್ರತಿ ವರ್ಷವೂ ಹೇಳುತ್ತಿದ್ದಳು. ಈ ಮೆಟ್ಟಿಲುಗಳ ಮೇಲೆ ಅವಳಿಗೆ ಹೆತ್ತ ಮಗುವಿನ ಮೇಲಿನಷ್ಟು ಅಭಿಮಾನ.

ಅಭಿಮಾನ ತರಗತಿಯೊಳಗೇ ಇದ್ದಿದ್ದರೆ ತೊಂದರೆ ಇರಲಿಲ್ಲ. ಅವಳು ಬಸ್ಸಿನಲ್ಲಿ, ಮದುವೆಮನೆಯಲ್ಲಿ, ತರಕಾರಿ ಅಂಗಡಿಯಲ್ಲಿ ಕಂಡಕಂಡವರನ್ನೆಲ್ಲ ಮೆಟ್ಟಿಲ ಮೇಲೆ ನಿಲ್ಲಿಸತೊಡಗಿದಳು. ಗಂಡ ಸಿಗರೇಟು ಬಿಟ್ಟಾಗ ಅದನ್ನು ತರಗತಿಯಲ್ಲಿ ಉದಾಹರಣೆಯಾಗಿ ಕೊಟ್ಟಳು, ತಾನು ಅವನನ್ನು ಹೇಗೆ ಒಂದೊಂದೇ ಹಂತ ದಾಟಿಸಿದೆ ಎಂದು. ಗಂಡನನ್ನು ಕೇಳಿದ್ದರೆ ಬೇರೆ ಕತೆ ಹೇಳುತ್ತಿದ್ದ. ಕಚೇರಿಯ ಲಿಫ್ಟು ಕೆಟ್ಟಿತ್ತು, ಮಹಡಿ ಹತ್ತುವಾಗ ತನಗಿಂತ ಹಿರಿಯ ಜವಾನ ಫೈಲುಗಳ ಸಮೇತ ತನ್ನನ್ನು ದಾಟಿ ಹೋದ, ಅವಮಾನವಾಯಿತು, ಬಿಟ್ಟ. ಆದರೆ ಆ ಮನೆಯಲ್ಲಿ ಅವನನ್ನು ಕೇಳುವ ಪದ್ಧತಿ ಇರಲಿಲ್ಲ.

ಹೀಗೆ ಎಲ್ಲರನ್ನೂ ಅಳೆಯುವ ಬುದ್ಧಿ ಅವಳಿಗೆ ಬಂದದ್ದು ಅಕ್ಕನಿಂದ. ಅಕ್ಕ ಟೈಲರು.

ತಾಯಿ ತಂದೆ ಬೇಗ ಹೋದ ಮನೆ ಅದು. ತಂಗಿ ಇನ್ನೂ ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗ ಅಕ್ಕ ಹೊಲಿಗೆ ಮಿಷನ್ನಿನ ಮುಂದೆ ಕೂತಳು, ಮತ್ತೆ ಏಳಲಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ರಸ್ತೆಗೆ ತೆರೆದ ಬಾಗಿಲು, ಬಾಗಿಲ ಪಕ್ಕ ಕಾಲಲ್ಲಿ ತುಳಿಯುವ ಮಿಷನ್ನು, ಗೋಡೆಗೆ ಮೊಳೆ ಹೊಡೆದು ಕಟ್ಟಿದ ತಂತಿಯಲ್ಲಿ ನೇತಾಡುವ ಶಾಲೆಯ ಅಂಗಿಗಳು, ಕೆಳಗೆ ಚೀಲಗಳಲ್ಲಿ ಸರದಿ ಕಾಯುತ್ತಿರುವ ಬಟ್ಟೆ. ಅಕ್ಕ ಟೇಪು ಹಿಡಿದು ಅಳತೆ ಕೂಗುವಳು, ತಂಗಿ ಬರೆದುಕೊಳ್ಳುವಳು. ಆ ಬೀದಿಯ ಮಕ್ಕಳ ಭುಜ ಯಾವ ವರ್ಷ ಎಷ್ಟು ಅಗಲವಾಯಿತು ಎಂಬುದು ಅವರ ತಾಯಂದಿರಿಗಿಂತ ಮೊದಲು ಈ ಅಕ್ಕತಂಗಿಯರಿಗೆ ಗೊತ್ತಾಗುತ್ತಿತ್ತು. ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೆದಕಿದರೆ ಅಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ಬಂದವರದ್ದು ಅಳತೆ ಸರಿ ಹೋಗ್ಲಿಲ್ಲ," ಎನ್ನುವಳು. ಮುಂದೆ ಕೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಆ ಅಂಗಡಿಯಲ್ಲಿ ದಿನಕ್ಕೆ ಅದೆಷ್ಟು ಸಲವೋ ಕೇಳಿಬರುತ್ತಿದ್ದ ಮಾತು ಒಂದಿತ್ತು. ಗಿರಾಕಿ ಬಾಗಿಲಲ್ಲಿ ನಿಂತು, "ಟೈಲರಮ್ಮ, ಬಟ್ಟೆ ಆಯ್ತಾ?" ಎನ್ನುವರು. ಅಕ್ಕ ತಲೆ ಎತ್ತದೆ, "ಆಯ್ತು, ಕಾಜ ಒಂದು ಬಾಕಿ," ಎನ್ನುವಳು. ಕಾಜ ಎಂದರೆ ಗುಂಡಿ ತೂರಿಸುವ ತೂತು. ಅಂಗಿಯ ಕೆಲಸದಲ್ಲಿ ಎಲ್ಲಕ್ಕಿಂತ ಕೊನೆಗೆ ಅದು, ಕೈಯಲ್ಲೇ ಸುತ್ತ ಹೊಲಿದು ಕಟ್ಟಬೇಕು. ಗಿರಾಕಿಗೆ ಸಮಾಧಾನವಾಗುತ್ತಿತ್ತು, ಹೋಗುತ್ತಿದ್ದರು. ಅವರ ಬಟ್ಟೆ ಮಾತ್ರ ಕತ್ತರಿಯ ಮುಖವನ್ನೇ ನೋಡದೆ ಚೀಲದಲ್ಲಿ ಹಾಯಾಗಿ ಮಲಗಿರುತ್ತಿತ್ತು. ಮೂಲೆಯಲ್ಲಿ ಓದುತ್ತ ಕೂತ ತಂಗಿ ಪುಸ್ತಕದಿಂದ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಅಕ್ಕ ಸುಳ್ಳಿಯಲ್ಲ. ಒಪ್ಪಿಕೊಂಡ ಬಟ್ಟೆಯನ್ನು ಒಂದಲ್ಲ ಒಂದು ದಿನ ಕೊಟ್ಟೇ ಕೊಡುತ್ತಿದ್ದಳು. ಬಾಗಿಲಲ್ಲಿ ನಿಂತವರನ್ನು ನೋಯಿಸದೆ ಕಳಿಸುವ ಮಾತು ಅದು, ಅಷ್ಟೇ.

ಆ ಕಾಜಗಳ ಮೇಲೆಯೇ ತಂಗಿ ನರ್ಸಾದಳು, ವಾರ್ಡಿನಲ್ಲಿ ದುಡಿದಳು, ಮೇಲಿನ ಓದು ಓದಿ ಕಾಲೇಜಿನಲ್ಲಿ ಪಾಠ ಹೇಳುವವಳಾದಳು, ಮದುವೆಯಾಗಿ ಊರಿನ ಆ ಕಡೆಗೆ ಮನೆ ಮಾಡಿದಳು.

ಅಕ್ಕನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಪತ್ತೆ ಹಚ್ಚಿದವಳೂ ತಂಗಿಯೇ. ಅಕ್ಕ ಮಾತ್ರೆಗೆ ತಕರಾರು ಮಾಡಲಿಲ್ಲ, ಚಹಾದ ಸಕ್ಕರೆಯನ್ನು ಒಂದು ವಾರ ಗೊಣಗಿ ಬಿಟ್ಟಳು. ಉಳಿದದ್ದು ಕಣ್ಣಿನ ಪರೀಕ್ಷೆ. ಸಕ್ಕರೆ ಕಾಯಿಲೆ ಸದ್ದಿಲ್ಲದೆ ಕಣ್ಣಿನ ಒಳಪದರವನ್ನು ಕೆಡಿಸುತ್ತದೆ, ಮೊದಮೊದಲು ಏನೂ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ, ಅದಕ್ಕೇ ವರ್ಷಕ್ಕೊಮ್ಮೆ ತೋರಿಸಬೇಕು. ತಂಗಿ ಇದನ್ನೆಲ್ಲ ಚೆನ್ನಾಗಿ ಬಿಡಿಸಿ ಹೇಳಿದಳು. ಅಕ್ಕ ಪೂರ್ತಿ ಕೇಳಿಸಿಕೊಂಡು, "ಆಯ್ತು," ಎಂದಳು.

ಅಲ್ಲಿಂದ ಮುಂದೆ ಫೋನು ಮಾಡಿದಾಗಲೆಲ್ಲ ತಂಗಿಯ ಮೊದಲ ಮಾತು ಒಂದೇ. "ಹೋದ್ಯಾ?"

"ಆಯ್ತು ಕಣೇ, ಯೂನಿಫಾರ್ಮ್ ಕೆಲಸ ಒಂದು ಮುಗೀಲಿ."

"ಹೋದ್ಯಾ ಅಕ್ಕ?"

"ಆಯ್ತು ಆಯ್ತು. ಇನ್ನೇನು, ಹೋಗೋದೊಂದು ಬಾಕಿ."

ತಂಗಿ ಇದನ್ನು ಕೇಳಿ ಮನಸ್ಸಿನಲ್ಲೇ ಅಕ್ಕನನ್ನು ಮೂರನೇ ಮೆಟ್ಟಿಲ ಮೇಲೆ ನಿಲ್ಲಿಸಿದಳು, ನಿಲ್ಲಿಸಿ ನೆಮ್ಮದಿಯಿಂದ ಇದ್ದಳು. ಆ ಮಾತಿನ ಗುಟ್ಟನ್ನು ಮೂಲೆಯಲ್ಲಿ ಕೂತು ನಗುತ್ತ ಬೆಳೆದವಳು! ಊರಿಗೆಲ್ಲ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತು, ತನ್ನ ಪಾಲಿಗೆ ಬಂದಾಗ ಮಾತ್ರ ನಂಬಿದಳು. ಭಾನುವಾರ ಬಿಡುವಾದಾಗ ಹೋಗಿ ಬರುತ್ತಿದ್ದಳು, ಇಲ್ಲವೆಂದಲ್ಲ. ಆದರೆ ಅವಳು ಬರುವ ದಿನ ಅಕ್ಕ ಮಿಷನ್ನಿಗೆ ಬಟ್ಟೆ ಹೊದಿಸಿಬಿಡುತ್ತಿದ್ದಳು. "ನೀನು ಬಂದ ದಿನಾನೂ ತುಳೀಬೇಕಾ?" ಎನ್ನುತ್ತಿದ್ದಳು. ತಂಗಿಗೆ ಅದು ಪ್ರೀತಿಯಾಗಿ ಕಂಡಿತು. ಪ್ರೀತಿಯೂ ಹೌದು. ಹೀಗೆ ಎರಡು ಮೂರು ಯೂನಿಫಾರ್ಮ್ ಕಾಲಗಳು ಕಳೆದುಹೋದವು.

ಆ ವರ್ಷದ ವಿದ್ಯಾರ್ಥಿನಿಯರಲ್ಲಿ ಒಬ್ಬಳಿದ್ದಳು, ಬಾಯಿ ಬಿಟ್ಟರೆ ಎರಡನೇ ಬೆಂಚಿಗೂ ಕೇಳಿಸುತ್ತಿರಲಿಲ್ಲ. ಪಿಸುಮಾತು ಎಂದೇ ಅವಳ ಹೆಸರು. ಹುಡುಗಿಯರನ್ನು ಆರೋಗ್ಯ ಕೇಂದ್ರದ ಸುತ್ತಲಿನ ಬೀದಿಗಳಿಗೆ ಕಳಿಸಿ, ಒಬ್ಬೊಬ್ಬರಿಗೆ ಒಂದೊಂದು ಮನೆ ಕೊಟ್ಟು, ಆ ಮನೆಯವರ ಜೊತೆ ಮಾತಾಡಿ ಬಂದು ತರಗತಿಯಲ್ಲಿ ಹೇಳಬೇಕೆಂಬ ನಿಯಮವಿತ್ತು. ಮನೆಯವರ ಹೆಸರು ಹೇಳುವಂತಿಲ್ಲ. ಬೀದಿಗಳನ್ನು ಹಂಚಿದವರು ಕೇಂದ್ರದ ಹಿರಿಯ ನರ್ಸು, ಹಂತಮ್ಮನಿಗೆ ಯಾರಿಗೆ ಯಾವ ಬೀದಿ ಎಂಬುದು ಗೊತ್ತಿರಲಿಲ್ಲ.

ಪಿಸುಮಾತಿನ ಸರದಿ ಬಂತು. ಅವಳು ಎದ್ದು ನಿಂತು, ಆವತ್ತು ಎಲ್ಲರಿಗೂ ಕೇಳಿಸುವಂತೆ ಹಾಳೆ ನೋಡಿ ಓದಿದಳು. "ಐವತ್ತು ದಾಟಿದ ಹೆಂಗಸು. ಟೈಲರ್. ಒಬ್ಬರೇ ಇರೋದು. ಸಕ್ಕರೆ ಕಾಯಿಲೆ. ಮಾತ್ರೆ ಸರಿಯಾಗಿ ತಗೋತಾರೆ. ಕಣ್ಣು ತೋರಿಸಿಲ್ಲ. ನಾನು ಹೇಳಿದ್ದಕ್ಕೆ ಆಯ್ತು ಅಂದ್ರು. ಮೂರನೇ ಮೆಟ್ಟಿಲು."

ಹಂತಮ್ಮನಿಗೆ ಆಗಲೂ ಹೊಳೆಯಲಿಲ್ಲ. ಊರಲ್ಲಿ ಟೈಲರುಗಳಿಗೇನು ಬರವೇ? "ಸರಿಯಾಗಿದೆ. ಕೂತ್ಕೋ," ಎಂದಳು.

ಪಿಸುಮಾತು ಕೂರಲಿಲ್ಲ. "ಮೇಡಂ, ಒಂದು ಅನುಮಾನ. ನಾನು ಅಲ್ಲಿದ್ದಾಗ ಒಬ್ಬರು ಗಿರಾಕಿ ಬಂದು ಬಟ್ಟೆ ಆಯ್ತಾ ಅಂದ್ರು. ಇವರು ಆಯ್ತು, ಕಾಜ ಒಂದು ಬಾಕಿ ಅಂದ್ರು. ಆದ್ರೆ ಆ ಬಟ್ಟೆ ನನ್ನ ಕಾಲ ಹತ್ರ ಚೀಲದಲ್ಲೇ ಇತ್ತು ಮೇಡಂ. ಕತ್ತರಿಸೇ ಇರ್ಲಿಲ್ಲ. ನಂಗೂ ಅದೇ ಆಯ್ತು ಅಂದಿದ್ರೆ ಅದು ಯಾವ ಮೆಟ್ಟಿಲು?"

ತರಗತಿ ಗೊಳ್ಳೆಂದು ನಕ್ಕಿತು. ಹಂತಮ್ಮ ಸೀಮೆಸುಣ್ಣ ಹಿಡಿದ ಕೈಯನ್ನು ಹಲಗೆಯ ಮೇಲಿಂದ ಕೆಳಗಿಳಿಸಿದಳು.

"ಇನ್ನೂ ಒಂದು ಮೇಡಂ. ಸೂಜಿಗೆ ದಾರ ನನ್ನ ಕೈಲೇ ಹಾಕಿಸ್ಕೊಂಡ್ರು. ಒಂದಲ್ಲ, ಸೂಜಿದಿಂಬಿನ ತುಂಬಾ ದಾರ ಹಾಕಿದ ಸೂಜಿ ಚುಚ್ಚಿಟ್ಕೊಂಡ್ರು. ಯಾಕೆ ಅಷ್ಟೊಂದು ಅಂದ್ರೆ, ನಾಳೆ ಯಾರು ಬರ್ತಾರೋ ಬಿಡ್ತಾರೋ ಅಂದ್ರು."

ಆ ಟೈಲರು ಅಕ್ಕನೇ ಎಂಬುದರಲ್ಲಿ ಹಂತಮ್ಮನಿಗೆ ಇನ್ನು ಅನುಮಾನ ಉಳಿಯಲಿಲ್ಲ. ಅವಳು ಅದನ್ನು ತೋರಗೊಡಲಿಲ್ಲ, ವಾರ್ಡಿನ ಅಭ್ಯಾಸ. ಮುಂದಿನ ಹುಡುಗಿಯ ಸರದಿ ಮುಗಿಸಿದಳು, ಅದರ ಮುಂದಿನವಳದ್ದೂ ಮುಗಿಸಿದಳು, ಆ ಹುಡುಗಿಯರು ಏನು ಹೇಳಿದರೆಂದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ನೆನಪಾಗಲಿಲ್ಲ.

ಮಧ್ಯಾಹ್ನ ರಜೆ ಹಾಕಿ, ಮೊದಲು ಫೋನೂ ಮಾಡದೆ, ಸಮವಸ್ತ್ರದ ಬಿಳಿ ಕೋಟಿನಲ್ಲೇ ಅಕ್ಕನ ಬೀದಿಗೆ ಬಂದಳು. ಬಾಗಿಲು ತೆರೆದಿತ್ತು. ಮಿಷನ್ನಿಗೆ ಹೊದಿಕೆ ಇರಲಿಲ್ಲ.

ಅಕ್ಕ ಕೆನ್ನೆಯನ್ನು ಬಟ್ಟೆಗೆ ತಾಗಿಸಿಕೊಂಡಂತೆ ಬಗ್ಗಿ, ಬಲಗಣ್ಣು ಸೂಜಿಯ ಕಡೆ ಬರುವಂತೆ ಕತ್ತು ತಿರುಗಿಸಿ ಹೊಲಿಯುತ್ತಿದ್ದಳು. ಒಂದಷ್ಟು ತುಳಿಯುವುದು, ನಿಲ್ಲಿಸುವುದು, ಹೊಲಿಗೆಯ ಮೇಲೆ ಹೆಬ್ಬೆರಳಿನ ಉಗುರು ಎಳೆದು ನೇರ ಬಂತೋ ಇಲ್ಲವೋ ನೋಡುವುದು. ತಂತಿಯ ಮೇಲಿದ್ದ ಕಡುನೀಲಿ ಅಂಗಿಗೆ ಕಪ್ಪು ದಾರ ಹಾಕಿತ್ತು. ಬಾಗಿಲಲ್ಲಿ ನೆರಳು ಬಿದ್ದದ್ದು ಅಕ್ಕನಿಗೆ ಗೊತ್ತಾಯಿತು, ಯಾರೆಂದು ಗೊತ್ತಾಗಲಿಲ್ಲ.

"ಆಯ್ತು, ಕಾಜ ಒಂದು ಬಾಕಿ," ಎಂದಳು.

ತಂಗಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಒಳಗೆ ನುಗ್ಗಿ, ಎಡಗಣ್ಣಲ್ಲಿ ಎಷ್ಟು ಕಾಣುತ್ತೆ, ಯಾವಾಗಿಂದ, ಕಪ್ಪು ಚುಕ್ಕೆ ತೇಲುತ್ತಾ, ಪರದೆ ಇಳಿದ ಹಾಗಿದೆಯಾ ಎಂದು ವಾರ್ಡಿನಲ್ಲಿ ಕೇಳುವಂತೆ ಒಂದೇ ಉಸಿರಿನಲ್ಲಿ ಕೇಳಿದಳು. ಆಮೇಲೆ ಪಾಠ ಶುರುವಾಯಿತು. ಕಾಯಿಲೆ ನನಗೂ ಬರಬಹುದು ಅಂತ ಅನಿಸಬೇಕು, ಬಂದರೆ ಎಷ್ಟು ಕೆಟ್ಟದ್ದು ಅಂತ ತಿಳಿಯಬೇಕು, ತೋರಿಸಿದರೆ ಏನು ಲಾಭ ಅಂತ ಕಾಣಬೇಕು, ಹೀಗೆ ಪುಸ್ತಕದ ಒಂದು ಅಧ್ಯಾಯವೇ ಆ ಮುಂಗೋಣೆಯಲ್ಲಿ ಮುಗಿಯಿತು. ಅಕ್ಕ ಕೈಕಟ್ಟಿ ಕೇಳಿಸಿಕೊಂಡಳು.

"ಆಯ್ತು," ಎಂದಳು ಕೊನೆಗೆ.

ತಂಗಿ ಚೀಲಗಳ ಪಕ್ಕದ ಮಣೆಯ ಮೇಲೆ ಕುಸಿದು ಕೂತಳು. ಚಿಕ್ಕಂದಿನಲ್ಲಿ ಓದುತ್ತಿದ್ದ ಅದೇ ಮೂಲೆ.

"ಯಾವ ಆಯ್ತು ಅಕ್ಕ ಇದು?"

ಅಕ್ಕ ನಕ್ಕಳು. ಸಿಕ್ಕಿಬಿದ್ದವರ ನಗು. "ಗೊತ್ತಲ್ಲ ನಿಂಗೆ. ಮತ್ತೆ ಯಾಕೆ ಕೇಳ್ತೀಯ?"

"ಊರಿಗೆಲ್ಲ ಹೇಳೋದನ್ನ ನಂಗೂ ಹೇಳೋದಾ?"

"ನೀನೂ ಹಾಗೇ ತಾನೇ ಕೇಳಿದ್ದು?" ಅಕ್ಕ ಮಿಷನ್ನಿನ ಚಕ್ರದ ಮೇಲೆ ಕೈ ಇಟ್ಟಳು. "ಅವರು ಬಾಗಿಲಲ್ಲಿ ನಿಂತು ಆಯ್ತಾ ಅಂತಾರೆ. ನೀನು ಫೋನಲ್ಲಿ ಹೋದ್ಯಾ ಅಂತೀಯ. ಕಣ್ಣು ಹೇಗಿದೆ ಅಂತ ಒಂದಿನ ಕೇಳಿದ್ಯಾ? ನೀನು ಗಿರಾಕಿ ಥರ ಕೇಳ್ದೆ, ನಾನು ಗಿರಾಕಿಗೆ ಹೇಳೋದನ್ನೇ ಹೇಳ್ದೆ."

ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅದು ಹೆಚ್ಚು ತಾಗಿತು. ತಂಗಿಗೆ ನಾಚಿಕೆಯಾಯಿತು. ಎಷ್ಟೋ ವರ್ಷಗಳಿಂದ, ಎದುರಿಗಿರುವವರಿಗೆ ಅಡ್ಡ ಬರುತ್ತಿರುವುದೇನೆಂದು ಕೇಳಿ, ಹೇಳುವ ಮುಂಚೆ ಕೇಳಿ ಎಂದು ಹುಡುಗಿಯರಿಗೆ ಕಲಿಸುತ್ತ ಬಂದವಳು ಅವಳು. ಈಗ ತಾನೂ ಕೇಳಿದಳು.

"ಅಲ್ಲಿ ಹೋದ್ರೆ ಏನಾಗುತ್ತೆ ಅಂತ ನಿಂಗೆ ಭಯ?"

ಅಕ್ಕ ಹೊರಗೆ ರಸ್ತೆಯ ಕಡೆ ನೋಡಿದಳು, ಅಥವಾ ರಸ್ತೆ ಇರುವ ಕಡೆ ಮುಖ ಮಾಡಿದಳು. "ಹೊಲೀಬೇಡಿ ಅಂತಾರೆ. ಅವರು ಅನ್ನೋ ತನಕ ನಾನು ಟೈಲರು ಕಣೇ. ಅಂದ್ಮೇಲೆ ಯಾರು ನಾನು? ಬೆಳಗ್ಗೆ ಎದ್ದು ಏನ್ ಮಾಡ್ಲಿ, ಗೋಡೆ ನೋಡ್ಕೊಂಡು ಕೂರ್ಲಾ? ಅದೂ ಕಾಣಬೇಕಲ್ಲ."

ಮನುಷ್ಯನ ಒಂದೊಂದು ವಯಸ್ಸಿಗೆ ಒಂದೊಂದು ಪ್ರಶ್ನೆ ಇರುತ್ತದೆ ಎಂದು ಹಂತಮ್ಮ ಎರಡನೇ ವರ್ಷದವರಿಗೆ ಪಾಠ ಮಾಡುತ್ತಿದ್ದಳು. ಮಗುವಿಗೆ ಯಾರನ್ನು ನಂಬಲಿ ಎಂಬುದು, ಹರೆಯದವರಿಗೆ ನಾನು ಯಾರು ಎಂಬುದು, ನಡುವಯಸ್ಸು ದಾಟಿದವರಿಗೆ ನನ್ನಿಂದ ಯಾರಿಗೇನು ಆಯ್ತು ಎಂಬುದು. ಸೊಗಸಾದ ಪಾಠ, ಹುಡುಗಿಯರು ಮೈಮರೆತು ಕೇಳುತ್ತಿದ್ದರು. ಅಕ್ಕನಿಂದ ಯಾರಿಗೇನಾಯ್ತು ಎಂಬುದಕ್ಕೆ ಉತ್ತರ ಬಿಳಿ ಕೋಟು ಹಾಕಿಕೊಂಡು ಮಣೆಯ ಮೇಲೆ ಕೂತಿತ್ತು, ಆದರೆ ಅದನ್ನು ಹೇಳಿದರೆ ಅಕ್ಕನಿಗೆ ಬೆಳಗ್ಗೆ ಎದ್ದು ಮಾಡಲು ಕೆಲಸ ಸಿಗುವುದಿಲ್ಲ. ಅವಳು ಸೂಜಿದಿಂಬು ಎಳೆದುಕೊಂಡು ಖಾಲಿಯಿದ್ದ ಸೂಜಿಗಳಿಗೆ ದಾರ ಪೋಣಿಸಿದಳು. ಕಡುನೀಲಿ ಅಂಗಿಯಿಂದ ಕಪ್ಪು ದಾರ ಬಿಚ್ಚಿದಳು.

ಸಂಜೆ ದೀಪ ಹಾಕುವ ಹೊತ್ತಿಗೆ ಅಕ್ಕ ತಾನಾಗಿಯೇ ಹೇಳಿದಳು. "ಬರ್ತೀನಿ ನಾಳೆ. ಆದ್ರೆ ಅಲ್ಲಿ ನೀನು ಮೇಡಂ ಆಗ್ಬೇಡ. ತಂಗಿಯಾಗಿ ಬಾ."

ಕಣ್ಣಾಸ್ಪತ್ರೆಯ ಉದ್ದ ಬೆಂಚಿನ ಮೇಲೆ, ಪಾಪೆ ಅಗಲವಾಗುವ ಔಷಧಿಯ ಹನಿ ಹಾಕಿಸಿಕೊಂಡು, ಕಣ್ಣು ಮುಚ್ಚಿ ಕೂತವರ ಸಾಲಿನಲ್ಲಿ ಇಬ್ಬರೂ ಕೂತರು. ತಂಗಿ ತನ್ನ ಗುರುತಿನ ಬಿಲ್ಲೆಯನ್ನು ಚೀಲದೊಳಗೆ ಹಾಕಿಕೊಂಡಿದ್ದಳು. ಡಾಕ್ಟರು ತುಂಬ ಹೊತ್ತು ನೋಡಿದರು, ದೀಪ ಆರಿಸಿದರು, ಕುರ್ಚಿ ಹಿಂದಕ್ಕೆ ಸರಿಸಿದರು. ಎಡಗಣ್ಣಿನ ಒಳಪದರ ಕಿತ್ತು ಬಂದು ಬಹಳ ಕಾಲವಾಗಿದೆ, ಹೋದ ನೋಟ ಇನ್ನು ಬರುವುದಿಲ್ಲ. ಬಲಗಣ್ಣಿಗೆ ಲೇಸರ್ ಮಾಡಿದರೆ, ಕರೆದಾಗೆಲ್ಲ ಬಂದರೆ, ಉಳಿದಿರುವಷ್ಟನ್ನು ಉಳಿಸಿಕೊಳ್ಳಬಹುದು. ಒಳ್ಳೆಯ ಮನುಷ್ಯ, ಮೊದಲೇ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ.

"ಹೊಲೀಬಹುದಾ ಡಾಕ್ಟ್ರೇ?"

"ಮಿಷನ್ನಲ್ಲಿ ನೇರ ಹೊಲಿಗೆ, ಸ್ವಲ್ಪ ಸ್ವಲ್ಪ... ನೋಡೋಣ. ಕಾಜ ಗೀಜ ಸಣ್ಣ ಕೆಲಸ ಬೇಡ."

ಹೊರಗೆ ಬಂದ ಮೇಲೆ ಅಕ್ಕ, "ನಿಮ್ಮ ಡಾಕ್ಟ್ರು ನೋಡೋಣ ಅಂದ್ರಲ್ಲೇ. ಎರಡನೇ ಮೆಟ್ಟಿಲಲ್ಲೇ ಇದಾರೆ," ಎಂದಳು. ಮೆಟ್ಟಿಲಿನ ಪಾಠ ಅವಳಿಗೆ ಪಿಸುಮಾತಿನಿಂದ ತಲುಪಿತ್ತು. ತಂಗಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಮೊದಲ ಸಲ ಹೇಳಿದಾಗಲೇ ಕರೆದುಕೊಂಡು ಬಂದಿದ್ದರೆ ಎಡಗಣ್ಣು ಇರುತ್ತಿತ್ತು. ಹನಿಯ ಮಬ್ಬಿನಲ್ಲಿ ಬೀದಿಯೆಲ್ಲ ಕಲಸಿಹೋಗಿತ್ತು, ಅಕ್ಕ ತಂಗಿಯ ಕೈ ಹಿಡಿದು ನಡೆದಳು. ಮನೆಯವರೆಗೂ ಬಿಡಲಿಲ್ಲ.

ಲೇಸರು ಆಯಿತು. ಬಲಗಣ್ಣು ಉಳಿಯಿತು.

ಮುಂದಿನ ವರ್ಷ ಹೊಸ ಹುಡುಗಿಯರಿಗೆ ಹಂತಮ್ಮ ಮೆಟ್ಟಿಲು ಬರೆದಾಗ ಮೂರನೆಯದನ್ನು ಖಾಲಿ ಬಿಟ್ಟಳು. ಮುಂದಿನ ಬೆಂಚಿನವಳು ಪೆನ್ನು ಎತ್ತಿ, "ಅಲ್ಲೇನು ಬರ್ಕೋಬೇಕು ಮೇಡಂ?" ಎಂದಳು. "ಗೊತ್ತಿಲ್ಲಮ್ಮ. ಆಯ್ತು ಅಂತ ಯಾರಾದ್ರೂ ಅಂದ್ರೆ ಎದ್ದು ಬರಬೇಡಿ. ಇನ್ನೂ ಸ್ವಲ್ಪ ಹೊತ್ತು ಕೂತ್ಕೊಂಡಿರಿ," ಎಂದಳು ಹಂತಮ್ಮ. ಹುಡುಗಿ ಅದನ್ನೂ ನೀಟಾಗಿ ಬರೆದುಕೊಂಡಳು. ಪರೀಕ್ಷೆಯಲ್ಲಿ ಬಂದರೆ ಬೇಕಲ್ಲ.

ಈಗ ಭಾನುವಾರಗಳಲ್ಲಿ ಮಿಷನ್ನಿಗೆ ಹೊದಿಕೆ ಬೀಳುವುದಿಲ್ಲ. ಅಕ್ಕ ನೇರ ಹೊಲಿಗೆಗಳನ್ನು ಹಾಕುತ್ತಾಳೆ, ಕತ್ತರಿಸುವುದನ್ನು ಪಕ್ಕದ ಬೀದಿಯ ಟೈಲರಿಗೆ ಒಪ್ಪಿಸಿದ್ದಾಳೆ. ಕಾಜದ ಕೆಲಸ ತಂಗಿಯದ್ದು. ಮಣೆಯ ಮೇಲೆ ಕೂತು, ವಾರ್ಡಿನಲ್ಲಿ ಗಾಯಕ್ಕೆ ಹೊಲಿಗೆ ಹಾಕುವುದನ್ನು ಎಷ್ಟು ಸಲ ನೋಡಿದ್ದೇನೆ ಎಂಬ ಧೈರ್ಯದ ಮೇಲೆ ಶುರು ಮಾಡಿದಳು. ಮೊದಲ ತಿಂಗಳು ಮಾಡಿದ ಕಾಜಗಳ ಒಳಗೆ ಗುಂಡಿ ಹೋಗುತ್ತಿರಲಿಲ್ಲ, ಹೋದರೆ ಹೊರಗೆ ಬರುತ್ತಿರಲಿಲ್ಲ. ಅಕ್ಕ ಒಂದೊಂದರ ಸುತ್ತಲೂ ಉಗುರು ಆಡಿಸಿ, "ಬಿಚ್ಚು," ಎನ್ನುತ್ತಿದ್ದಳು. "ನರ್ಸಮ್ಮ, ಇದು ಅಂಗಿ, ಹೊಟ್ಟೆ ಅಲ್ಲ. ಅಷ್ಟು ಬಿಗೀಬೇಡ."

ಶಾಲೆ ತೆರೆಯುವ ಮುಂಚಿನ ಒಂದು ಭಾನುವಾರ. ಬಾಗಿಲಲ್ಲಿ ಒಬ್ಬ ತಾಯಿ ಬಂದು ನಿಂತಳು. ಇದೇ ಅಂಗಡಿಯಲ್ಲಿ ತಾನೂ ಯೂನಿಫಾರ್ಮ್ ಹೊಲಿಸಿಕೊಂಡು ಬೆಳೆದವಳು.

"ಟೈಲರಮ್ಮ, ಬಟ್ಟೆ ಆಯ್ತಾ?"

ಅಕ್ಕ ತಲೆ ಎತ್ತಲಿಲ್ಲ. "ಆಯ್ತು, ಕಾಜ ಒಂದು ಬಾಕಿ."

ಆ ತಾಯಿ ನಕ್ಕಳು. "ನಮ್ಮಮ್ಮನ ಕಾಲದಿಂದ ಕೇಳ್ತಿದೀನಿ ಈ ಮಾತು. ಇನ್ನೂ ಕತ್ತರಿಸೇ ಇಲ್ಲ ಅನ್ನಿ. ಬುಧವಾರ ಬರ್ತೀನಿ ಬಿಡಿ," ಎಂದು ಹೊರಟೇ ಹೋದಳು.

ತಂಗಿ ತೊಡೆಯ ಮೇಲಿದ್ದ, ಆ ತಾಯಿಯ ಮಗನ ಅಂಗಿಯನ್ನು ಎತ್ತಿ ಹಿಡಿದು ಕೂಗಿ ಕರೆಯಲು ಎದ್ದಳು.

"ಕೂತ್ಕೊಳ್ಳೇ, ನಂಬಲ್ಲ ಅವಳು," ಎಂದಳು ಅಕ್ಕ. "ನೀನು ಹೊಲಿ."

ತಂಗಿ ಕೂತು ಸೂಜಿ ಎತ್ತಿಕೊಂಡಳು. ಅಂಗಿಯಲ್ಲಿ ನಿಜಕ್ಕೂ ಒಂದೇ ಕಾಜ ಬಾಕಿ ಇತ್ತು.